ಯಡಿಯೂರಿಗೆ ಬಂದ ನೀಲಿ ಪಡೆ

ನೀಲಿ, ಅದರೊಳಗೆ ಇನ್ನೊಂದು ನೀಲಿ, ಬಿಸಿಲು ಇಳಿದರೂ ಬೆನ್ನೆಲ್ಲ ಬೆವರಿಗೆ ಕಪ್ಪಾಗಿದೆ, ಅಯ್ಯೋ ಬೆಳಿಗ್ಗೆಯಿಂದ ನಿಂತೇ ಇದ್ದಾವಲ್ಲ ಈ ಮಕ್ಕಳು, ಎಂದುಕೊಂಡಳು ಗೌರಮ್ಮ, ಬಾಲ್ಕನಿಯ ಕಂಬಿ ಹಿಡಿದು — ಕ್ಷಿಪ್ರ ಕಾರ್ಯಾಚರಣೆ ಪಡೆಯಂತೆ, ಗಲಾಟೆ ಅಂದರೆ ಡೆಲ್ಲಿಯವರು ಕಳಿಸುವ ಪಡೆ, ಯಡಿಯೂರಿನ ಗಣೇಶನಿಗೂ ಅದು ಬರಬೇಕಾಯಿತೇ, ಬರದೆ ಇನ್ನೇನು, ಹಬ್ಬಕ್ಕೆ ಮೊದಲಿಂದಲೂ ಮೊಬೈಲಿನಲ್ಲಿ ಕಿತ್ತಾಡಿದ್ದೇ ಕಿತ್ತಾಡಿದ್ದು, ಕೆಳಬೀದಿ ಬಾಯಲ್ಲಿ ಗಣೇಶನ ಗಾಡಿ ನಿಲ್ಸಲ್ಲ ಅಂತ ಮೇಲುಬೀದಿಯ ಇವರು, ನಿಲ್ಸದೆ ಅದೆಂಗೆ ಹೋಗ್ತೀರೋ ನೋಡ್ತೀವಿ ಅಂತ ಕೆಳಬೀದಿಯ ಅವರು, ಇವರಿಗೆ ಮುಂದಾಳು ಯಾರು, ತನ್ನ ಹೊಟ್ಟೆಯಲ್ಲಿ ಹುಟ್ಟಿದ ದೀಪಕನೇ. ಮಾವ ಬೋರಣ್ಣನವರು ಇದ್ದಾಗ ಕೆಳಬೀದಿಯ ರುದ್ರಮ್ಮನ ಆರತಿ ಆಗದೆ ಗಣೇಶ ಕೆರೆಯತ್ತ ಅಲ್ಲಾಡುತ್ತಿರಲಿಲ್ಲ, ಕೆಳಬೀದಿಯವರ ಕೈ ಬೀಳದ ಪೈರು ಈ ಮನೆಯ ಹೊಲದಲ್ಲಿ ಎಲ್ಲಿತ್ತು, ಹೊಲ ಲೇಔಟಾಯಿತು, ಲೇಔಟಿನಲ್ಲಿ ಬಾಡಿಗೆ ಮನೆಗಳೆದ್ದವು, ಆರತಿಯೊಂದು ಉಳಿದಿತ್ತು, ಅದಕ್ಕೂ ದೀಪಕನ ಮಾತು, ಆ ಕಾಲ ಹೋಯ್ತಮ್ಮ, ಡಿಜೆ ಹಾಕ್ಸಿದ್ದೀವಿ, ಅಲ್ಲಿ ನಿಲ್ಸಿದ್ರೆ ಮೂಡೇ ಹಾಳಾಗುತ್ತೆ, ನೀನು ಸುಮ್ನಿರು. ಮೇಲ್ಮನೆಯ ಬಾಡಿಗೆ ಹುಡುಗಿ ಶ್ರುತಿ ಹೇಳಿದ ಮಾತು ಎದೆಯಲ್ಲೇ ಕೊರೆಯುತ್ತಿದೆ, ಆಂಟಿ, ಇವ್ರು ಲೋಕಲ್ ಪೊಲೀಸ್ ಅಲ್ಲ, ನಮ್ಮ ಬೋರಣ್ಣನ ಮೊಮ್ಮಗ ಅಂತ ಮುಖ ನೋಡಿ ಬಿಡಲ್ಲ, ದೀಪಕ್‌ಗೆ ಹುಷಾರಾಗಿರೋಕೆ ಹೇಳಿ — ಹೇಳಿದರೆ ಕೇಳುವ ಮಗನೇ ಅವನು, ಆ ಲಾಠಿ ನೋಡು, ಒಂದು ಬಿದ್ದರೆ ಮೂಳೆ ಉಳಿಯುತ್ತದೆಯೇ.

ಆದರೂ ಪಡೆಯ ಆ ಹುಡುಗಿ, ಗೇಟಿನ ಪಕ್ಕ ನಿಂತವಳು, ಮಧ್ಯಾಹ್ನ ಮಜ್ಜಿಗೆ ಕೊಟ್ಟರೆ ತಾನು ಬಾಯಿಗಿಡದೆ ಸಾಲಿನುದ್ದಕ್ಕೂ ದಾಟಿಸಿ, ತಳದಲ್ಲಿ ಉಳಿದದ್ದನ್ನು ಕುಡಿದಳಲ್ಲ, ಯಾವೂರಮ್ಮ ನಿಂದು ಅಂದರೆ ಕನ್ನಡ ನಹೀ ಅಮ್ಮಾ ಎಂದು ನಕ್ಕಳು, ಹಲ್ಲು ಎಷ್ಟು ಬೆಳ್ಳಗೆ, ಆಗಲೇ ದೀಪಕನ ದೋಸ್ತ ದಿನೇಶ ಬೈಕಿನಲ್ಲಿ ಬಂದು, ಏನ್ ಗುರು, ಪ್ಯಾಡ್ ಕಟ್ಕೊಂಡು ನಿಂತವ್ರೆ, ಬ್ಯಾಟು ಮರ್ತು ಬಂದ್ರಾ ಅಂದ, ಎಲ್ಲರೂ ಹೋ ಎಂದರು, ಅವಳ ಕಣ್ಣರೆಪ್ಪೆ ಸಹ ಅದುರಲಿಲ್ಲ, ಭಾಷೆ ತಿಳಿಯದಿದ್ದರೂ ನಗೆ ತಿಳಿಯುವುದಿಲ್ಲವೇ, ತನ್ನ ಮಗನಿಗೆ ಮೊಬೈಲಿನಲ್ಲಿ ಬಂದ ಒಂದು ಅಕ್ಷರ ತಡೆಯಲಾಗುವುದಿಲ್ಲ, ಈ ಮಕ್ಕಳಿಗೆ ತಾಳ್ಮೆ ಕಲಿಸಿದ ಮೇಷ್ಟ್ರು ಯಾರಪ್ಪ — ಡಿಜೆ ಸದ್ದು ಬಂತು, ಕಿಟಕಿಯ ಗಾಜು ಗಡಗಡ, ಟ್ರ್ಯಾಕ್ಟರಿನ ಮೇಲೆ ಗಣೇಶ, ಪಕ್ಕದಲ್ಲಿ ದೀಪಕ, ಹೋಗ್ತಾ ಇರ್ಲಿ, ನಿಲ್ಲಿಸ್ಬೇಡ ಎಂದು ಕೈ ಬೀಸುತ್ತಿದ್ದಾನೆ, ಮತ್ತೆ ಅಯ್ಯೋ ರುದ್ರಮ್ಮ, ತಟ್ಟೆಯಲ್ಲಿ ಕರ್ಪೂರ ಹೊತ್ತಿಸಿಕೊಂಡೇ ನಡುರಸ್ತೆಗೆ ಇಳಿದಳು, ನಿಲ್ಲುತ್ತದೆ ಎಂದೇ, ಇಷ್ಟು ವರ್ಷ ನಿಂತದ್ದು ಇಂದೂ ನಿಲ್ಲುತ್ತದೆ ಎಂದೇ, ಮೊಬೈಲು ನೋಡದ ಮುದುಕಿಗೆ ಯಾರು ಹೇಳಬೇಕಿತ್ತು, ತಾನೇ ಹೇಳಬಹುದಿತ್ತಲ್ಲ — ಬ್ರೇಕು, ಗಣೇಶ ವಾಲಿದ, ಕಿವಿ ಮುರಿಯಿತು, ದೇವ್ರ ಕಿವಿ ಮುರಿದ್ಲು ಕಣ್ರೋ ಮುದುಕಿ ಎಂದು ಮೇಲುಬೀದಿಯವರು, ತಟ್ಟೆ ಉರುಳಿತು, ರುದ್ರಮ್ಮ ಬಿದ್ದಳು, ಅಜ್ಜೀನ ಕೊಂದ್ರು ಬರ್ರೋ ಎಂದು ಕೆಳಬೀದಿಯಿಂದ ಕೂಗು, ಅತ್ತಣಿಂದ ಕಲ್ಲು, ಇತ್ತಣಿಂದ ಕಲ್ಲು, ದೀಪಕ ಬಾವುಟದ ಕೋಲು ಕಿತ್ತುಕೊಂಡು ಹಾರಿದ, ಬೇಡ ಮಗ ಬೇಡ.

ಹೊಡೆಯಲಿಲ್ಲ ಅವರು, ನಡುವೆ ನುಗ್ಗಿ ಬೆನ್ನಿಗೆ ಬೆನ್ನು ಕೊಟ್ಟು ನಿಂತರು, ಅರ್ಧ ಪಡೆ ಮೇಲುಬೀದಿಗೆ ಮುಖ, ಅರ್ಧ ಕೆಳಬೀದಿಗೆ ಮುಖ, ಎರಡು ಕಡೆಯ ಕಲ್ಲೂ ತಮಗೇ ಬೀಳಲಿ ಎಂಬಂತೆ, ಊರಿನವರೆಲ್ಲ ಎರಡಾದ ಹೊತ್ತಿನಲ್ಲಿ ಯಾವ ಕಡೆಗೂ ಸೇರದವರು ಇವರಷ್ಟೇ, ಆ ಹುಡುಗಿ ರುದ್ರಮ್ಮನ ಮೇಲೆ ಬಗ್ಗಿ ಗುರಾಣಿ ಹಿಡಿದಿದ್ದಾಳೆ, ಅದೇ ಗುರಾಣಿಯ ಕಡೆಗೆ ಕೋಲೆತ್ತಿ ಬರುತ್ತಿದ್ದಾನೆ ತನ್ನ ಮಗ, ಈಗ ಬೀಳುತ್ತದೆ ಲಾಠಿ, ಮುಗಿಯಿತು — ದಪ್ಪನೆಯ ಕಲ್ಲು, ಇವನ ತಲೆಗೇ, ಇವನು ನೋಡುತ್ತಿಲ್ಲ, ಅವಳು ನೋಡಿದಳು, ಲಾಠಿ ಬಿಸಾಡಿದಳು, ಕಾಲರಿಗೆ ಕೈ ಹಾಕಿ ಒಳಗೆಳೆದಳು, ಬೈಠ್, ಬೈಠ್ ಜಾ, ಗುರಾಣಿಯಡಿ ರುದ್ರಮ್ಮ, ರುದ್ರಮ್ಮನ ಮಗ್ಗುಲಲ್ಲಿ ಮುದುರಿಕೊಂಡ ದೀಪಕ, ಕೋಲಿಲ್ಲ, ಪೊಗರಿಲ್ಲ, ಕಲ್ಲು ಬಿದ್ದದ್ದು ಅವಳ ಕೈಗೆ, ಕೆಳಗಿಳಿಯಬೇಕು, ಮೆಟ್ಟಿಲು, ಮಗ ಇದ್ದಾನೆ, ಇದ್ದಾನೆ, ಆದರೆ ಕಣ್ಣು ಮಗನ ಮೇಲೆ ನಿಲ್ಲದು, ಗುರಾಣಿಯ ಹೊರಗೆ ಉಳಿದ ಆ ಕೈ, ಬೆರಳಿನಿಂದ ರಕ್ತ ಇಳಿದು ಮಗನ ಅಂಗಿಗೆ, ಕಾಲರು ಹಿಡಿದ ಕೈ, ಇನ್ನೂ ಬಿಟ್ಟಿಲ್ಲ, ಆ ಕೈ, ಇನ್ನೂ ಬಿಟ್ಟಿಲ್ಲ