ನೆಲಕ್ಕೆ ಬಿಗಿದ ಸೈಕಲ್ಲು

ಇನ್ನೊಂದು ಸ್ವಲ್ಪ ತುಳಿದರೆ ನೆನಪು ಬರುತ್ತದೆ ಎಂದುಕೊಂಡ. ಬರಲಿಲ್ಲ. ಬೆವರು ಮಾತ್ರ ಬಂತು.

ಕಾಲಡಿಯಲ್ಲಿ ಪೆಡಲು ತಿರುಗುತ್ತಿತ್ತು. ಎದುರಿನ ಗೋಡೆ ಇದ್ದಲ್ಲೇ ಇತ್ತು. ವ್ಯಾಯಾಮದ ಸೈಕಲ್ಲನ್ನು ನಾಲ್ಕು ಬೋಲ್ಟು ಹಾಕಿ ನೆಲಕ್ಕೆ ಬಿಗಿದಿದ್ದರು. ಚಟ ಬಿಡಿಸುವ ಈ ಆಸ್ಪತ್ರೆಗೆ ಸೇರಿದ ದಿನವೇ ಅವನು ಅವನ್ನು ತಟ್ಟಿ ನೋಡಿದ್ದ. ಸೇತುವೆ ತಪಾಸಣೆಯ ಎಂಜಿನಿಯರ್. ಬೋಲ್ಟು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಸೇತುವೆಯೊಂದರ ಕೆಳಗೆ ಅಟ್ಟಣಿಗೆಯಿಂದ ಬಿದ್ದು ಬೆನ್ನು ಮುರಿದುಕೊಂಡವನು, ನೋವಿಗೆಂದು ಕೊಟ್ಟ ಮಾತ್ರೆಯನ್ನು ನೋವು ಹೋದ ಮೇಲೂ ಬಿಟ್ಟಿರಲಿಲ್ಲ. ಆ ಮಾತ್ರೆ ಅಫೀಮಿನ ಮನೆತನದ್ದು ಎಂದು ಡಾಕ್ಟರು ಹೇಳಿದಾಗ, “ಸಂಬಂಧ ಗಟ್ಟಿಯಾಗಿದೆ” ಎಂದು ನಗಲು ನೋಡಿದ್ದ. ಡಾಕ್ಟರು ನಕ್ಕಿರಲಿಲ್ಲ.

ಮಾತ್ರೆಯ ಆ ವರ್ಷಗಳು ಅವನ ತಲೆಯಲ್ಲಿ ಒಟ್ಟಿಗೆ ನೆನೆಹಾಕಿದ ಬಟ್ಟೆಗಳ ಹಾಗೆ, ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿ, ಯಾವುದು ಯಾವುದೆಂದು ತಿಳಿಯದಂತಾಗಿದ್ದವು.

ಮೈ ದಣಿದಾಗ ಮನಸ್ಸು ಕೇಳಿದ್ದನ್ನು ಹಿಡಿದುಕೊಳ್ಳುತ್ತದೆ ಎನ್ನುವುದು ಡಾಕ್ಟರ ನಂಬಿಕೆ. ಸೈಕಲ್ಲು ತುಳಿದು ಇಳಿದ ಕೂಡಲೇ ಮನೆಯವರು ಹಳೆಯದೇನಾದರೂ ಹೇಳಬೇಕು. ಹಾಗಾಗಿ ದಿನಾ ಬೆಳಿಗ್ಗೆ ಹೆಂಡತಿ ಫೋನು ಮಾಡುತ್ತಿದ್ದಳು. ಕೊರಳಿಗೆ ಟವೆಲ್ಲು ಸುತ್ತಿಕೊಂಡು, ತುತ್ತಿಗೆ ಬಾಯಿ ತೆರೆದ ಮಗುವಿನಂತೆ ಅವನು ಕೇಳುತ್ತಿದ್ದ.

“ಏನ್ ಎಂಜಿನಿಯರ್ರೇ, ಎಲ್ಲೀವರೆಗೆ ಬಂತು ಸವಾರಿ?” ಪಕ್ಕದ ಸೈಕಲ್ಲಿನಿಂದ ಬಸ್ ಡ್ರೈವರ್ ಕೇಳಿದ. ಅವನೂ ಅದೇ ಕಾಯಿಲೆಯವನು.

“ಗೋಡೆವರೆಗೆ.”

“ನನ್ ಸರ್ವೀಸಲ್ಲೇ ಇಷ್ಟು ಲೇಟಾಗಿ ಯಾವ ಬಸ್ಸೂ ಓಡಿಸಿಲ್ಲ, ಬಿಡಿ.”

ಇವತ್ತು ಫೋನಿಲ್ಲ. ಹೆಂಡತಿ ಮಗಳನ್ನು ಕರೆದುಕೊಂಡು ತಾನೇ ಬರುತ್ತಿದ್ದಳು. “ಅವಳು ಹೂಂ ಅಂದ್ರೆ ನಿಮ್ಮನ್ನ ಮನೆಗೆ ಕರ್ಕೊಂಡು ಹೋಗ್ತೀನಿ. ಬಲವಂತ ಮಾಡಲ್ಲ” ಎಂದಿದ್ದಳು ನಿನ್ನೆ.

“ಏನ್ ಬೇಕಂತೆ ಅವಳಿಗೆ?”

“ಅವಳದ್ದು ಏನಾದ್ರೂ ಒಂದು ನಿಮಗೆ ನೆನಪಿದ್ಯಾ ಅಂತ ಕೇಳ್ತಾಳೆ.”

ಏನಾದರೂ ಒಂದು. ಅವನು ಇನ್ನೂ ಜೋರಾಗಿ ತುಳಿದ. ತೊಡೆ ಉರಿಯಿತು. ಆಗ ಬಂತು: ಮನೆಯ ಕೆಳಗಿನ ಓಣಿ, ಕೆಂಪು ಸೈಕಲ್ಲು, ಎರಡು ಜಡೆ, ಸೀಟಿನ ಕೆಳಗೆ ತನ್ನ ಕೈ. ಬಿಸಿಲಿಗೆ ಕಾದ ಕಬ್ಬಿಣ. “ಅಪ್ಪಾ, ಬಿಡಬೇಡ!”

ತುಂಬಿದ ಕೊಡ ಹೊತ್ತವನಂತೆ ಮೆಲ್ಲಗೆ ಇಳಿದು ಮುಖ ತೊಳೆಯಲು ಹೋದ. ಅಲ್ಲಿ, ಕರೆಯದೆಯೇ, ಇನ್ನೊಂದು ಬಂತು. ಮಾತ್ರೆಯ ಪಟ್ಟಿಯ ತೆಳು ಹಾಳೆ ಹೆಬ್ಬೆರಳಿನಡಿ ಹರಿಯುವ ಸದ್ದು. ಚಟ್. ಬಾಯಲ್ಲಿ ನೀರೂರಿತು. ಇದನ್ನು ಯಾರೂ ಫೋನಿನಲ್ಲಿ ಹೇಳಿರಲಿಲ್ಲ.

ಅವನು ನಲ್ಲಿಯನ್ನು ಪೂರ್ತಿ ತಿರುಗಿಸಿದ.

ಭೇಟಿಯ ಕೋಣೆಯನ್ನು ಒರೆಸುತ್ತಿದ್ದರೆಂದು ಹೆಂಡತಿ, ಮಗಳು ಇಬ್ಬರನ್ನೂ ವ್ಯಾಯಾಮದ ಕೋಣೆಗೇ ಕಳಿಸಿದರು. ಡ್ರೈವರ್ ಆಗಲೇ ಹೊರಟುಹೋಗಿದ್ದ. ಹೆಂಡತಿಯ ಕೈಯಲ್ಲಿ ಹೆಚ್ಚಿದ ಹಣ್ಣಿನ ಡಬ್ಬಿ. ಮಗಳ ಜಡೆಗಳಿರಲಿಲ್ಲ.

“ಕೂದಲು ಕತ್ತರಿಸಿದ್ಯಾ?”

“ಯಾವಾಗ್ಲೋ.”

“ಚೆನ್ನಾಗಿದೆ.”

“ಹೂಂ.”

ತಡೆಯಲಾಗದೆ ಹೇಳಿಬಿಟ್ಟ. ಓಣಿ, ಕೆಂಪು ಸೈಕಲ್ಲು, ತನ್ನ ಕೈ, ಎಲ್ಲವನ್ನೂ. ಹೆಂಡತಿಗೆ ಇದ್ದಕ್ಕಿದ್ದಂತೆ ಡಬ್ಬಿಯ ಮುಚ್ಚಳ ತೆಗೆಯುವುದೇ ದೊಡ್ಡ ಕೆಲಸವಾಯಿತು.

“ಅದಕ್ಕೆ ಬೆಲ್ ಇತ್ತಾ?” ಮಗಳು ಕೇಳಿದಳು.

ಹೆಂಡತಿ ಬೆಲ್ಲಿನ ವಿಷಯ ಹೇಳಿರಲಿಲ್ಲ. “ಇತ್ತು... ಅಲ್ವಾ?”

“ಹಿಡ್ಕೊಂಡಿದ್ದು ಮಾವ.” ಲೆಕ್ಕ ತಿದ್ದುವವಳ ಹಾಗೆ, ಸಿಟ್ಟಿಲ್ಲದೆ ಹೇಳಿದಳು. “ನೀನು ಬಾಲ್ಕನೀಲಿ ಕೂತಿದ್ದೆ. ನಾನು ಕೈ ಬೀಸಿದೆ. ನೀನು ನನ್ನನ್ನೇ ನೋಡ್ತಿದ್ದೆ. ಬೀಸಲಿಲ್ಲ.”

“ಪುಟ್ಟೀ, ಅಪ್ಪಂಗೆ ಸುಸ್ತಾಗಿದೆ ಕಣೇ.”

“ನಾನು ಹಿಡ್ಕೊಂಡಿದ್ದೆ ಅಂತ ನೀನೇ ಹೇಳಿದ್ದಲ್ವಾ?” ಅವನು ಹೆಂಡತಿಯ ಕಡೆ ತಿರುಗಿದ.

“ನೀವೇ ಹಿಡ್ಕೊಂಡಿದ್ರೆ ಚೆನ್ನಾಗಿರ್ತಿತ್ತು ಅನ್ನಿಸ್ತು. ಹೇಳ್ತಾ ಹೇಳ್ತಾ ನನಗೂ ಹಾಗೇ ಆಗಿತ್ತೇನೋ ಅಂತ...” ಅವಳು ಮುಚ್ಚಳ ಮತ್ತೆ ಒತ್ತಿದಳು. “ಹಣ್ಣು ತಿನ್ನಿ.”

ಅವನು ಅಂಗೈ ನೋಡಿಕೊಂಡ. ಕಾದ ಕಬ್ಬಿಣದ ಬಿಸಿ ಇನ್ನೂ ಅಲ್ಲೇ ಇತ್ತು. ನೆನಪಿನಲ್ಲಿ ಬಾಲ್ಕನಿ ಎಲ್ಲೂ ಇರಲಿಲ್ಲ. ಹಾಗಾದರೆ ಮಗಳ ಜ್ವರದ ಹಣೆಗೆ ಒದ್ದೆ ಬಟ್ಟೆ ಇಟ್ಟದ್ದು ಯಾರು? ಶಾಲೆಯ ಗೇಟಿನಲ್ಲಿ ಅಳುವ ಮಗುವಿನ ಬೆರಳು ಬಿಡಿಸಿದ್ದು? ಫೋನಿನಲ್ಲಿ ಕೇಳಿದ ನೆನಪುಗಳನ್ನು ಒಂದೊಂದಾಗಿ ತಟ್ಟಿದ. ಎಲ್ಲವೂ ಟೊಳ್ಳಾಗಿ ಕೇಳಿದವು. ಗಟ್ಟಿಯಾಗಿ ದನಿ ಕೊಟ್ಟದ್ದು ಆ ಹಾಳೆಯ ‘ಚಟ್’ ಒಂದೇ.

“ನನ್ನದೇ ಅಂತ ಒಂದು ನೆನಪಿದೆ...” ಎಂದು ಶುರುಮಾಡಿದ.

“ಏನು?” ಮಗಳು ತಲೆಯೆತ್ತಿದಳು. ಕಣ್ಣು ಮೊದಲ ಬಾರಿಗೆ ಅರಳಿತ್ತು.

“ಏನಿಲ್ಲ.”

ಹೆಂಡತಿ ಮಗಳ ಮುಖ ನೋಡಿದಳು. ಮಗಳು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಎದ್ದು ಹೋಗಿ ಸೈಕಲ್ಲು ಹತ್ತಿದಳು. ಪೆಡಲಿಗೆ ಕಾಲು ಎಟುಕಿಯೂ ಎಟುಕದಂತಿತ್ತು.

“ಹಿಡ್ಕೋ” ಎಂದಳು, ತಿರುಗಿ ನೋಡದೆ.

ಅವನು ಹಿಂದೆ ಬಗ್ಗಿ ಸೀಟಿನ ಕೆಳಗೆ ಎರಡೂ ಕೈ ಇಟ್ಟ. ಕಬ್ಬಿಣ ತಣ್ಣಗಿತ್ತು. ಮಗಳು ತುಳಿಯತೊಡಗಿದಳು, ನಿಧಾನವಾಗಿ, ಆಮೇಲೆ ಜೋರಾಗಿ, ಗೋಡೆಯನ್ನೇ ನೋಡುತ್ತಾ. ಕತ್ತರಿಸಿದ ಕೂದಲು ಕತ್ತಿನ ಮೇಲೆ ಕುಣಿಯುತ್ತಿತ್ತು.

“ಬಿಡಬೇಡ.”

ಅವನು ಬಿಡಲಿಲ್ಲ. ಬಗ್ಗಿದ ಬೆನ್ನು ನೋಯತೊಡಗಿತು. ಚಪ್ಪಲಿಯ ತುದಿಯಿಂದ ಬೋಲ್ಟುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾ ಹೋದ, ಯಾವುದಾದರೂ ಒಂದು ಸಡಿಲವಾಗಿದೆಯೇ ಎಂದು.