ಗಂಗವ್ವನ ಆರು ಸಂಕ್ರಾಂತಿ

ಡಾಲಸ್ ಪಕ್ಕದ ಯೂಲೆಸ್ ಊರಿನ ಆ ಅಪಾರ್ಟ್‌ಮೆಂಟಿನಲ್ಲಿ ಶನಿವಾರ ಬೆಳಗಾಯಿತೆಂದರೆ ಎರಡನೇ ಮಹಡಿಯಿಂದ ರೊಟ್ಟಿ ಬಡಿಯುವ ಸದ್ದು ಕೇಳಲೇಬೇಕು. ಕೆಳಗಿನ ಮನೆಯವರು ಮೊದಮೊದಲು ದೂರು ಕೊಟ್ಟಿದ್ದರು. ಗಂಗವ್ವ ನಾಲ್ಕು ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಬಂದ ಮೇಲೆ ದೂರು ನಿಂತು ಆರ್ಡರ್ ಶುರುವಾಯಿತು. ಈಗ ಡಾಲಸ್ಸಿನ ಕನ್ನಡಿಗರಷ್ಟೇ ಅಲ್ಲ, ರೌಂಡ್ ರಾಕ್‌ನ ಎಂಜಿನಿಯರುಗಳೂ ಹ್ಯೂಸ್ಟನ್ನಿನ ಡಾಕ್ಟರುಗಳೂ ಅವಳ ಜೋಳದ ರೊಟ್ಟಿಗೆ ಕಾಯುತ್ತಾರೆ.

2018ರ ಫೆಬ್ರವರಿಯ ಅಂಥದೊಂದು ಶನಿವಾರ ಮೂವತ್ತು ರೊಟ್ಟಿ ಒಯ್ಯಲು ಬಂದ ಮಧುಶ್ರೀಯ ಕೈಗೆ ಗಂಗವ್ವ ಒಂದು ಲಕೋಟೆ ಕೊಟ್ಟಳು.

"ಇದನ್ನೀಟು ಓದಿ ಹೇಳವಾ ತಂಗಿ. ನಮ್ಮ ಮನಿಯವರು ಎರಡು ಸಲ ಓದ್ಯಾರ. ಎರಡು ಸಲಾನೂ 'ಆಗಂಗಿಲ್ಲಂತ' ಅಂದ್ರು. ಯಾಕ ಆಗಂಗಿಲ್ಲ ಅನ್ನೂದನ್ನ ಮಾತ್ರ ಹೇಳವಲ್ಲರು."

ಸೋಫಾದ ಮೇಲೆ ಕೂತಿದ್ದ ಗಂಡ ಸಿದ್ರಾಮಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಟೈಮ್ ಮುಗದೈತಿ ಅಂತ ಬರದಾರ, ಮತ್ತೇನ ಹೇಳ್ಲಿ?"

ಮಧುಶ್ರೀ ಪತ್ರ ಬಿಡಿಸಿದಳು. ಎರಡನೇ ಸಾಲನ್ನು ಅವಳು ಮತ್ತೊಮ್ಮೆ ಓದಿದಳು. 'ನಿಮ್ಮ ಕೊನೆಯ ಪಾವತಿಯಿಂದ ನಾಲ್ಕು ವರ್ಷದೊಳಗೆ ಲಿಖಿತ ದೂರು ಬಾರದ ಕಾರಣ ಪರಿಶೀಲಿಸಲು ಸಾಧ್ಯವಿಲ್ಲವೆಂದು ವಿಷಾದಿಸುತ್ತೇವೆ.' ಈ ಇಂಗ್ಲಿಷ್ ಸಾಲು ಅವಳಿಗೆ ಬಾಯಿಪಾಠ. ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಸಾಲದ ಕಂಪನಿಯ ಆಫೀಸಿನಲ್ಲಿ ಕೂತು ದಿನಕ್ಕೆ ನಲವತ್ತು ಪತ್ರಗಳಿಗೆ ಇದನ್ನೇ ಅಂಟಿಸುವುದು ಅವಳ ಕೆಲಸ. ಪತ್ರದ ಮೂಲೆಯ ನಂಬರಿನ ಕೊನೆಗೆ 'ಎಂಎಸ್' ಎಂದಿತ್ತು. ಅದು ಅವಳದೇ ಗುರುತು.

ಮೈಸೂರಿನ ಮಧುಶ್ರೀ ಗಂಡನ ಜೊತೆ ಟೆಕ್ಸಸ್‌ಗೆ ಬಂದು ನಾಲ್ಕು ವರ್ಷ ಮನೆಯಲ್ಲೇ ಇದ್ದವಳು. ಕೆಲಸದ ಪರವಾನಗಿ ಸಿಕ್ಕಮೇಲೆ ದೊರೆತ ಮೊದಲ ನೌಕರಿ ಇದು. ಕಂಪನಿ ಕೊಡುತ್ತಿದ್ದದ್ದು ಪೇಡೇ ಲೋನ್, ಅಂದರೆ ಮುಂದಿನ ಸಂಬಳದವರೆಗಿನ ಕೈಸಾಲ. ಹಳೆಯ ಸಾಲಗಳ ಬಗ್ಗೆ ಬರುವ ದೂರುಗಳಲ್ಲಿ ಅವಳು ನೋಡುತ್ತಿದ್ದದ್ದು ತಾರೀಖು ಒಂದನ್ನೇ. ಹೆಸರು ನೋಡುವ ಅಭ್ಯಾಸವೇ ಇರಲಿಲ್ಲ.

"ಯಾವ ಸಾಲ ಆಂಟಿ ಇದು?" ಎಂದು ಮೆಲ್ಲಗೆ ಕೇಳಿದಳು.

ಗಂಗವ್ವ ತವೆಯ ಮೇಲಿನ ರೊಟ್ಟಿ ತಿರುವಿ ಹಾಕುತ್ತಲೇ ಹೇಳಿದಳು. 2011ರಲ್ಲಿ ಅವರು ಹ್ಯೂಸ್ಟನ್ನಿನಲ್ಲಿದ್ದರು. ರೊಟ್ಟಿ ಹಂಚುವ ವ್ಯಾನಿನ ಗೇರ್‌ಬಾಕ್ಸ್ ಕೆಟ್ಟು, ಕೈಯಲ್ಲಿ ಕಾಸಿಲ್ಲದೆ ಈ ಕಂಪನಿಯ ಅಲ್ಲಿನ ಶಾಖೆಯಿಂದ ಏಳುನೂರು ಡಾಲರ್ ಸಾಲ ತಂದಳು. ಎರಡು ವಾರಕ್ಕೊಮ್ಮೆ ನೂರೈವತ್ತು ತುಂಬಿದಳು. ಸಾಲ ಕರಗುತ್ತಿದೆ ಎಂದೇ ಅವಳ ಲೆಕ್ಕ. ಅದು ಬರೀ ಫೀ, ಅಸಲು ಹಾಗೇ ಇದೆ ಎಂದು ತಿಳಿಯುವಷ್ಟರಲ್ಲಿ ಹತ್ತು ತಿಂಗಳು ಹೋಗಿತ್ತು. ಕೊನೆಗೆ 2012ರ ಜೂನ್‌ನಲ್ಲಿ ಏಳುನೂರನ್ನು ಒಂದೇ ಗಂಟಿನಲ್ಲಿ ಕೌಂಟರಿನಲ್ಲಿ ಎಣಿಸಿ ಕೊಟ್ಟು ಬಂದಳು. ಆದರೂ ಎರಡು ವಾರದ ನಂತರ ಕಂಪನಿ ಅವಳ ಬ್ಯಾಂಕಿನಿಂದ ಇನ್ನೊಂದು ಫೀ ಎಳೆಯಲು ಹೋಯಿತು, ಖಾತೆಯಲ್ಲಿ ಹಣವಿರಲಿಲ್ಲ, ಗಂಗವ್ವನ ಹೆಸರಿನ ಮುಂದೆ 'ಬಾಕಿದಾರಳು' ಎಂದು ದಾಖಲಾಯಿತು. ಕೌಂಟರಿನ ರಸೀದಿಯ ಮೇಲಿನ ಅಕ್ಷರಗಳು ಒಂದೇ ಬೇಸಿಗೆಗೆ ಮಾಸಿ ಅದು ಬರೀ ಬಿಳಿ ಚೀಟಿಯಾಗಿತ್ತು.

ಈಗ ಅವಳಿಗೆ ಪರವಾನಗಿ ಇರುವ ಸ್ವಂತ ಅಡುಗೆಮನೆ ಬೇಕಾಗಿತ್ತು. ಲಾಂಡ್ರಿಯ ಹಿಂದೆ ಬಾಡಿಗೆಗೆ ಒಂದು ಜಾಗ ನೋಡಿದ್ದಳು. ಮಾಲೀಕ ಅವಳ ಸಾಲದ ದಾಖಲೆ ತೆಗೆಸಿ ನೋಡಿ ಆಗದೆಂದು ತಲೆಯಾಡಿಸಿದ್ದ. ಮಾರ್ಚ್ ಮೂವತ್ತೊಂದರೊಳಗೆ ಹೆಸರು ಚೊಕ್ಕ ಮಾಡಿಕೊಂಡು ಬಂದರೆ ಸರಿ, ಇಲ್ಲದಿದ್ದರೆ ಬೇರೆಯವರಿಗೆ ಎಂದಿದ್ದ. ಅದಕ್ಕೇ ಅವಳು ಕಂಪನಿಗೆ ಅಂಚೆಯಲ್ಲಿ ಒಂದು ಪತ್ರ ಹಾಕಿಸಿದ್ದಳು, ಈ ಲಕೋಟೆ ಅದರ ಉತ್ತರ.

"ನಾನೂ ಹೇಳೇನಿ," ಎಂದ ಸಿದ್ರಾಮಪ್ಪ. "ಮುಂದಿನ ವರ್ಷಕ್ಕ ಏಳು ವರ್ಷ ಆಗತಾವು, ಇಂಥ ದಾಖಲೆ ಏಳು ವರ್ಷಕ್ಕ ತಾನ ಅಳಿಸಿ ಹೋಗತೈತಿ. ಸುಮ್ಮ ಕುಂದರಾಕ ಏನು ಧಾಡಿ? ದೊಡ್ಡ ಕಂಪನಿ ಕೂಡ ಯಾರು ಗುದ್ದಾಡ್ತಾರ?"

"ತಾನ ಅಳಿಸಿ ಹೋಗೂದು ಬ್ಯಾರೆ, ಅವರು ಅಳಸೂದು ಬ್ಯಾರೆ!" ಗಂಗವ್ವನ ಕೈಯ ರೊಟ್ಟಿ ಪಟ್ಟೆಂದು ಬುಟ್ಟಿಗೆ ಬಿತ್ತು. "ನಾ ತಪ್ಪು ಮಾಡಿ ಏಳು ವರ್ಷ ಶಿಕ್ಷಾ ಮುಗಿಸಿದಂಗ ಆಗಂಗಿಲ್ಲೇನು? ಮತ್ತ ಟೈಮ್ ಮುಗದೈತಿ ಅಂದ್ರ ಹೆಂಗ? ನಾ ಪ್ರತಿ ವರ್ಷ ದೂರು ಬರದೇನಿ."

ಮಧುಶ್ರೀ ಬೆಚ್ಚಿದಳು. "ಎಲ್ಲಿ ಬರೆದಿದ್ದೀರಿ?"

"ಅವರ ಪುಸ್ತಕದಾಗ. ಸಂಕ್ರಾಂತಿಗೆ ರೊಟ್ಟಿ ಕೊಡಾಕ ಹ್ಯೂಸ್ಟನ್ನಿಗೆ ಹೊಕ್ಕೀನಲ್ಲ, ಆ ಸಾಲದ ಅಂಗಡಿಗೂ ಹೋಗಿ ಕುಸುರೆಳ್ಳು ಕೊಟ್ಟು, ಬಾಗಲ ಹತ್ರ ಇಟ್ಟಿರೋ ದೂರು ಪುಸ್ತಕದಾಗ ಬರದು ಬರ್ತೀನಿ. ನಮ್ಮ ಗದಗ ಬಸ್ ಸ್ಟ್ಯಾಂಡಿನಾಗ ಇರತೈತಲ್ಲ, ಹಂಗ. ಹೆಸರು, ತಾರೀಖು, ಯಾಕ ಬಂದೀರಿ ಅಂತ ಮೂರು ಖಾನೆ."

ಮಧುಶ್ರೀಗೆ ಅರ್ಥವಾಯಿತು. ಅದು ದೂರು ಪುಸ್ತಕವಲ್ಲ. ಅಂಗಡಿಗೆ ಬಂದವರೆಲ್ಲ ಹೆಸರು ಬರೆಯುವ ಹಾಜರಿ ಪುಸ್ತಕ. ಅದನ್ನು ಓದುವವರು ಯಾರೂ ಇಲ್ಲ. ಅದರಲ್ಲೂ—

"ಇಂಗ್ಲಿಷಿನಲ್ಲಿ ಬರೆದಿರಾ ಆಂಟಿ?"

"ಇಂಗ್ಲಿಷು ಮಾತಿಗೆ ಸಾಕಾಗತೈತಿ ತಂಗಿ. ಸಿಟ್ಟಿಗೆ ಸಾಲಂಗಿಲ್ಲ. ಕನ್ನಡದಾಗ ಬರದೇನಿ."

ಸೋಮವಾರ ಮಧುಶ್ರೀ ಮೇಲಧಿಕಾರಿ ಡೆನಿಸ್‌ನ ಮುಂದೆ ನಿಂತಳು. ಡೆನಿಸ್ ಕೆಟ್ಟವನಲ್ಲ. ಹಾಗೆಂದೇ ಅವನ ಜೊತೆ ವಾದ ಮಾಡುವುದು ಕಷ್ಟ.

"ಕಾಲಮಿತಿ ಸುಮ್ಮನೆ ಇಟ್ಟಿದ್ದಲ್ಲ," ಎಂದ ಅವನು. "ಹಳೆಯ ಕಾಗದ ಸಿಗಲ್ಲ. ಅಂದು ಕೆಲಸ ಮಾಡಿದವರು ಇವತ್ತಿಲ್ಲ. ಯಾರು ನಿಜ, ಯಾರು ಸುಳ್ಳು ಅಂತ ಹೇಗೆ ತೀರ್ಮಾನ ಮಾಡೋದು? ಒಂದು ಬಾಗಿಲು ತೆರೆದರೆ ಹತ್ತು ಸಾವಿರ ಜನ ನಿಲ್ತಾರೆ."

"ಆದರೆ ನಮ್ಮ ನಿಯಮದಲ್ಲಿ 'ಯಾವುದೇ ಶಾಖೆಗೆ ಬರವಣಿಗೆಯಲ್ಲಿ' ಅಂತಿದೆ. ಯಾವ ಭಾಷೆ ಅಂತ ಇಲ್ಲ. ಯಾವ ಪುಸ್ತಕ ಅಂತಲೂ ಇಲ್ಲ."

ಡೆನಿಸ್ ನಿಯಮದ ಹಾಳೆ ತೆಗೆದು ನೋಡಿದ. ನಂತರ ಅವಳನ್ನು ನೋಡಿದ. "ಆಕೆ ನಿನಗೆ ಗೊತ್ತೇ?"

ಇಲ್ಲ ಎಂದುಬಿಡಬಹುದಿತ್ತು. "ಗೊತ್ತು. ಪ್ರತಿ ವಾರ ಅವರ ಮನೆ ರೊಟ್ಟಿ ತಿಂತೀನಿ," ಎಂದಳು ಮಧುಶ್ರೀ.

"ಹಾಗಾದರೆ ಆ ಫೈಲ್ ಇನ್ನು ನೀನು ಮುಟ್ಟುವಂತಿಲ್ಲ. ಅನುವಾದವನ್ನೂ ನೀನು ಮಾಡುವಂತಿಲ್ಲ. ಆಕೆಯೇ ಪುಟಗಳನ್ನು ತರಲಿ, ಸಂಬಂಧವಿಲ್ಲದ ಅನುವಾದಕರ ಮುದ್ರೆ ಹಾಕಿಸಲಿ. ಆಮೇಲೆ ನೋಡೋಣ." ಬಾಗಿಲವರೆಗೆ ಹೋದವಳನ್ನು ಅವನು ಕರೆದ. "ಹೇಳಿದ್ದು ಒಳ್ಳೆಯದಾಯ್ತು. ಮುಚ್ಚಿಟ್ಟಿದ್ದರೆ ಇವತ್ತೇ ಮನೆಗೆ ಕಳಿಸ್ತಿದ್ದೆ."

ಮುಂದಿನ ಶನಿವಾರ ಗಂಗವ್ವ ಹ್ಯೂಸ್ಟನ್ನಿಗೆ ಹೊರಟಳು. ಫೈಲ್ ಮುಟ್ಟಬಾರದೆಂದರೆ ಕಾರು ಡ್ರೈವ್ ಮಾಡಬಾರದೆಂದೇನೂ ಇಲ್ಲವಲ್ಲ. ಡೆನಿಸ್‌ಗೆ ತಿಳಿಸಿಯೇ ಮಧುಶ್ರೀ ಸ್ಟೀರಿಂಗ್ ಹಿಡಿದಳು. ನಾಲ್ಕು ತಾಸಿನ ದಾರಿ. ಅರ್ಧ ದಾರಿ ಕಳೆಯಿತು. ಮಧುಶ್ರೀಗೆ ತಡೆಯಲಾಗಲಿಲ್ಲ.

"ಆಂಟಿ, ಆ ಪತ್ರ ಕಳಿಸಿದ್ದು ನಾನೇ."

ಗಂಗವ್ವ ಅವಳ ಕಡೆ ತಿರುಗಿದಳು. "ನನ್ನ ಹೆಸರು ನೋಡಿ ಬರದ್ಯಾ?"

"ಇಲ್ಲ. ನೋಡಲೇ ಇಲ್ಲ. ತಾರೀಖು ನೋಡಿ ಅಂಟಿಸಿಬಿಟ್ಟೆ."

"ಅದ ಕೆಟ್ಟನಸತೈತಿ ನೋಡು," ಎಂದಳು ಗಂಗವ್ವ. ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. "ನೋಡಿ ಬರದಿದ್ರ ಜಗಳಾನರ ಆಡಬಹುದಿತ್ತು." ಒಂದು ಮೈಲಿ ಕಳೆದ ಮೇಲೆ ಡಬ್ಬಿ ತೆಗೆದು ಅವಳ ಮಡಿಲಿಗೆ ಒಂದು ಶೇಂಗಾ ಹೋಳಿಗೆ ಇಟ್ಟಳು. "ತಿನ್ನು. ಹೊಟ್ಟಿ ಹಸದ್ರ ಕಾರು ಅಡ್ಡಾದಿಡ್ಡಿ ಹೊಕ್ಕೈತಿ." ಮಧುಶ್ರೀ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದೇ ಅದನ್ನು ತಿಂದಳು.

ಟೈರ್ ಅಂಗಡಿಯ ಪಕ್ಕದ ಆ ಶಾಖೆಯಲ್ಲಿ ದಪ್ಪ ಗಾಜಿನ ಹಿಂದೆ ಕೂತಿದ್ದ ರೋಸಾ ಗಂಗವ್ವನನ್ನು ಕಂಡದ್ದೇ ಎದ್ದು ನಿಂತಳು. "ಅಯ್ಯೋ, ಎಳ್ಳಿನ ಅಮ್ಮ! ಜನವರಿಯಲ್ಲಿ ಬಂದಿದ್ದಿರಲ್ಲ, ಮತ್ತೆ ಹಬ್ಬವೇ?"

ಮಧುಶ್ರೀ ವಿಷಯ ಹೇಳಿದಾಗ ರೋಸಾಳ ನಗು ಮಾಯವಾಯಿತು. "ಪ್ರತಿ ವರ್ಷ ಬರ್ತಾರೆ, ಸಿಹಿ ಕೊಡ್ತಾರೆ, ಅಷ್ಟುದ್ದ ಬರೀತಾರೆ. ನಾವೆಲ್ಲ ಏನೋ ಆಶೀರ್ವಾದ ಬರೀತಿದ್ದಾರೆ ಅಂದ್ಕೊಂಡಿದ್ವಿ." ಒಳಗೆ ಹೋಗಿ ಧೂಳು ಹಿಡಿದ ಆರು ಪುಸ್ತಕ ಹೊತ್ತು ತಂದಳು. ಸ್ವಂತ ಬರಹದ ನಕಲು ಕೇಳಿದರೆ ಕೊಡಲೇಬೇಕು ಎಂದು ತಾನೇ ಝೆರಾಕ್ಸ್ ಮಾಡಿಕೊಟ್ಟಳು.

ಇಂಗ್ಲಿಷ್, ಸ್ಪ್ಯಾನಿಷ್ ಹೆಸರುಗಳ ನಡುವೆ ದುಂಡಗಿನ ಕನ್ನಡ. 2013ರಲ್ಲಿ: 'ಏಳುನೂರು ತುಂಬೇನಿ. ಮತ್ತ ಎಳದೀರಿ. ತಪ್ಪು. ಸಾಲದ ಕಾಗದ ಹರದು ನನ್ನ ಕೈಯಾಗ ಕೊಡ್ರಿ.' ಮರುವರ್ಷ: 'ಹ್ವಾದ ವರ್ಷನೂ ಬರದೇನಿ. ಉತ್ತರ ಬಂದಿಲ್ಲ.' 2016ರಲ್ಲಿ, ಗಡುವು ಮುಗಿಯಲು ಇನ್ನೂ ಐದು ತಿಂಗಳಿರುವಾಗ: 'ಇದು ನಾಕನೇ ಸಲ. ನಾ ಸುಳ್ಳಿ ಅಲ್ಲ.'

ಮಧುಶ್ರೀ ಆ ಸಾಲನ್ನು ಓದಿ ಅಲ್ಲೇ ಅತ್ತುಬಿಟ್ಟಳು. ಆರು ವರ್ಷ ಒಬ್ಬ ಹೆಂಗಸು ಬೇಜಾರಿಲ್ಲದೆ ಬಂದು, ಬಯ್ಯದೆ, ಬೇಡದೆ, ತನ್ನ ಮಾತನ್ನು ಬರೆದಿಟ್ಟು ಹೋಗಿದ್ದಾಳೆ. ತಾನಾಗಿದ್ದರೆ ಎರಡನೇ ವರ್ಷಕ್ಕೇ ಬಿಟ್ಟುಬಿಡುತ್ತಿದ್ದೆ ಅನ್ನಿಸಿತು.

ಆಸ್ಟಿನ್ನಿನ ಅನುವಾದಕರೊಬ್ಬರ ಮುದ್ರೆ ಬಿದ್ದು ಪುಟಗಳು ಆಫೀಸು ಸೇರಿದಾಗ ಮಾರ್ಚ್ ಹದಿನೈದು. ಡೆನಿಸ್ ಅವನ್ನು ಎರಡು ಸಲ ಓದಿದ. ದೂರು ಗಡುವಿನೊಳಗೇ ಬಂದಿದೆ ಎಂದು ಬರೆದು, ಫೈಲನ್ನು ಬೇರೊಬ್ಬಳಿಗೆ ಕೊಟ್ಟ. ಉಳಿದದ್ದು ಒಂದು ಗಂಟೆಯ ಕೆಲಸವಾಗಿತ್ತು. ಕಂಪನಿಯ ಸ್ವಂತ ಲೆಕ್ಕದಲ್ಲೇ ಆ ಏಳುನೂರರ ನಗದು ಜಮೆಯಾಗಿ ಕೂತಿತ್ತು. ಇಷ್ಟು ವರ್ಷ ಅದನ್ನು ಯಾರೂ ತೆರೆದು ನೋಡಿರಲಿಲ್ಲ, ಅಷ್ಟೇ.

ಮಾರ್ಚ್ ಇಪ್ಪತ್ತೆಂಟಕ್ಕೆ ಹೆಸರು ಚೊಕ್ಕವಾದ ಪತ್ರ ಬಂತು. ಅದನ್ನು ಸಿದ್ರಾಮಪ್ಪ ಎರಡು ಸಲ ಓದಿದ. ಈ ಸಲ ಜೋರಾಗಿ. ಸಂಜೆ ಲಾಂಡ್ರಿಯ ಹಿಂದಿನ ಜಾಗದ ಬೀಗದಕೈ ಗಂಗವ್ವನ ಸೆರಗಿಗೆ ಸೇರಿತು.

ಮಧುಶ್ರೀಯ ಮೇಜಿನ ಮೇಲೆ ಫೈಲುಗಳು ಎಂದಿನಂತೆ ಬರುತ್ತಲೇ ಇದ್ದವು. ಬಹಳಷ್ಟರ ಗಡುವು ನಿಜವಾಗಿಯೂ ಮುಗಿದಿರುತ್ತಿತ್ತು. ಅವಳು ಡೆನಿಸ್‌ನನ್ನು ಕೇಳಿ, ಆ ಹಳೆಯ ಸಾಲನ್ನು ಅಂಟಿಸುವ ಮೊದಲು ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ ಕಳಿಸತೊಡಗಿದಳು: 'ಇದಕ್ಕೂ ಮೊದಲು ನಮ್ಮ ಯಾವುದಾದರೂ ಶಾಖೆಯಲ್ಲಿ, ಯಾವ ಭಾಷೆಯಲ್ಲಾದರೂ ಬರೆದುಕೊಟ್ಟಿದ್ದೀರಾ?' ದಿನಕ್ಕೆ ನಲವತ್ತರ ಜಾಗದಲ್ಲಿ ಇಪ್ಪತ್ತೈದು ಪತ್ರವಾದವು. ಡೆನಿಸ್ ಗೊಣಗಿದ, ಬೇಡ ಎನ್ನಲಿಲ್ಲ.

2019ರ ಸಂಕ್ರಾಂತಿಗೆ ಗಂಗವ್ವ ಮತ್ತೆ ಹ್ಯೂಸ್ಟನ್ನಿಗೆ ಹೋದಳು. ಕುಸುರೆಳ್ಳಿನ ಡಬ್ಬಿ ಹಿಡಿದು ಸಿದ್ರಾಮಪ್ಪನೂ, ರಜೆ ಹಾಕಿ ಮಧುಶ್ರೀಯೂ ಜೊತೆಗಿದ್ದರು. ರೋಸಾ ಗಾಜಿನ ಹಿಂದಿನಿಂದ ಹೊರಗೆ ಬಂದಳು. ಅವಳ ಕೈಯಲ್ಲಿ ಹಳೆಯ ಸಾಲಪತ್ರದ ಪ್ರಿಂಟು ಇತ್ತು, ಒಂಬತ್ತು ಹಾಳೆ. ಎಲ್ಲರ ಎದುರು ಅದನ್ನು ನಡುವೆ ಹರಿದು, ಎರಡೂ ತುಂಡುಗಳನ್ನು ಗಂಗವ್ವನ ಬೊಗಸೆಗೆ ಇಟ್ಟಳು.

ಗಂಗವ್ವ ಅದನ್ನು ಕಣ್ಣಿಗೊತ್ತಿಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲ ಬಳಿಯ ಪುಸ್ತಕ ತೆರೆದು, ಹೆಸರು ಬರೆದು, ತಾರೀಖು ಬರೆದು, ಮೂರನೇ ಖಾನೆಯಲ್ಲಿ ಪೆನ್ನು ಊರಿ ಒಂದು ಸಾಲು ಬರೆದಳು.

"ಈ ಸಲ ಏನು ಬರೆದಿದ್ದಾರೆ?" ರೋಸಾ ಗಾಬರಿಯಿಂದ ಮಧುಶ್ರೀಯನ್ನು ಕೇಳಿದಳು.

ಮಧುಶ್ರೀ ಬಗ್ಗಿ ಓದಿದಳು.

'ಕೆಲಸ ಏನೂ ಇಲ್ಲ. ಎಳ್ಳು ಕೊಡಾಕ ಬಂದೇನಿ.'