ಪರದೆಯ ಹಿಂದಿನ ಕೆಮ್ಮು

ಮುದುಕ ಚಿಯು ಡೋಲಿನ ಕಡ್ಡಿಗಳನ್ನು ಎತ್ತಿ ಹಿಡಿದ, ಆದರೆ ಹೊಡೆಯಲಿಲ್ಲ. ಹೊರುವವರು ಎಂಟು ಮಂದಿ ಬಿದಿರಿನ ಬೊಂಬುಗಳಿಗೆ ಹೆಗಲು ಕೊಟ್ಟು, ಮಂಡಿ ಬಗ್ಗಿಸಿ ಡೋಲಿನ ಮೊದಲ ಹೊಡೆತಕ್ಕೆ ಕಾಯುತ್ತಿದ್ದರು. ನಡುಮನೆಯ ಬಿಳಿ ಪರದೆಯ ಹಿಂದೆ ಶಿಂಗ್ ಸೂಚಿನಳ ಶವಪೆಟ್ಟಿಗೆ ಇತ್ತು; ಬೊಂಬುಗಳ ತುದಿಗಳು ಮಾತ್ರ ಪರದೆಯ ಎರಡೂ ಬದಿಗೆ ಹೊರಚಾಚಿದ್ದವು.

"ಹೊಡೀರಿ ತಾತ," ಎಂದ ಸೂಚಿನಳ ಅಣ್ಣನ ಮಗ ಜೆನ್ಮಿನ್. "ಮಧ್ಯಾಹ್ನ ಹನ್ನೆರಡರೊಳಗೆ ಪೆಟ್ಟಿಗೆ ಹೊಸ್ತಿಲು ದಾಟ್ಬೇಕು. ಇಲ್ದಿದ್ರೆ ಮನೇಲಿ ಇನ್ನೊಂದು ಸಾವು ಅಂದಿದಾರೆ ಗಳಿಗೆ ನೋಡಿದೋರು."

"ಅವನಿನ್ನೂ ಕೆಮ್ಮಿಲ್ಲ."

"ಯಾವನು? ಒಳಗಿರೋದು ನಮ್ಮತ್ತೆ."

"ನಿಂಗೆ ಅತ್ತೆ. ನಂಗೆ ನಮ್ ನಾಟಕದ ನಾಯಕ. ಮೂವತ್ತೆಂಟು ವರ್ಷ ಅವನು ಒಳಗಿಂದ ಕೆಮ್ಮದೆ ನಾನು ಒಂದು ಪೆಟ್ಟು ಹೊಡೆದೋನಲ್ಲ."

ಸತ್ತವರ ಖರ್ಚಿಗೆಂದು ಸುಡುವ ಕಾಗದದ ನೋಟು ಮಡಚುತ್ತಿದ್ದ ಹೆಂಗಸರು ಕಿಸಕ್ಕೆಂದರು. "ಮುದುಕಂಗೆ ಅರಳುಮರಳು ಕಣೇ."

"ಒಳಗಿಂದ ಕೆಮ್ಮು ಬಂದ್ರೆ ನಾನಂತೂ ಚಪ್ಪಲಿ ಬಿಟ್ಟು ಓಡ್ತೀನಿ," ಎಂದಳು ಇನ್ನೊಬ್ಬಳು.

ನೆರೆಹೊರೆಯವರ ಸಾಲಿನ ಕೊನೆಯಲ್ಲಿ ಲೌ ಪಿಂಗ್ ನಿಂತಿದ್ದಳು. ಎಪ್ಪತ್ತರ ಮುದುಕಿ. ನಾಟಕ ಕಂಪನಿಯಲ್ಲಿ ನಾಯಕನ ವೇಷದ ಸೂಚಿನಳಿಗೆ ಹೆಂಡತಿಯ ಪಾತ್ರ ಅವಳದೇ. ಕಂಪನಿ ಮುಚ್ಚಿದ ಮೇಲೂ ಇದೇ ಮನೆಯಲ್ಲಿ ಅವಳ ಜೊತೆಗಿದ್ದಳು. ಪೆಟ್ಟಿಗೆಯ ಹಿಂದೆ ಮೊದಲು ತಾನು ನಡೆಯುತ್ತೇನೆಂದು ಬೆಳಿಗ್ಗೆಯೇ ಕೇಳಿದ್ದಳು.

"ಅದು ಹೆಂಡ್ತಿ ಜಾಗ, ಚಿಕ್ಕಮ್ಮ," ಎಂದಿದ್ದ ಜೆನ್ಮಿನ್. "ಹೆಂಗಸಿಗೆ ಹೆಂಡ್ತಿ ಎಲ್ಲಿಂದ ಬರ್ತಾಳೆ? ಊರು ನಗುತ್ತೆ." ಸಾವಿನ ಮನೆಯವರು ಹೊದೆಯುವ ಸೆಣಬಿನ ಮುಸುಕಿನ ಬದಲು ನೆರೆಯವರಿಗೆ ಕೊಡುವ ತುಂಡು ಬಟ್ಟೆ ಕೊಟ್ಟಿದ್ದ.

*

ವಾದ್ಯದವರ ಹೊರತು ಆ ಕಂಪನಿಯಲ್ಲಿ ಗಂಡಸರಿರಲಿಲ್ಲ. ರಾಜ, ಮಂತ್ರಿ, ಕಳ್ಳ, ಮದುಮಗ, ಎಲ್ಲರೂ ಹೆಂಗಸರೇ. ಹದಿನಾರಕ್ಕೆ ಎದೆಗೆ ಬಟ್ಟೆ ಬಿಗಿದು ಸೂಚಿನ್ ನಾಯಕನಾದಳು. ಊರೂರಿನ ಹುಡುಗಿಯರು ಅವಳ ಪಾದದ ಅಳತೆ ತಿಳಿದುಕೊಂಡು, ಬೂಟಿನೊಳಗೆ ಹಾಸುವ ಬಟ್ಟೆಗೆ ಹೂ ಕಸೂತಿ ಮಾಡಿ ಕಳಿಸುತ್ತಿದ್ದರು.

"ನಿಂಗೆ ಹೊಟ್ಟೆ ಉರಿಯಲ್ವೇನೇ?" ಎಂದು ಪಿಂಗಳನ್ನು ಒಮ್ಮೆ ಚಿಯು ಕೆಣಕಿದ್ದ.

"ಹೊಲಿಯೋರು ಹೊಲೀಲಿ ಬಿಡು. ಒಗೆಯೋಳು ನಾನು ತಾನೇ."

ಆಟ ಶುರುವಾಗುವ ಕ್ರಮ ಒಂದೇ. ಮೊದಲು ಪಿಂಗ್ ಬಂದು ಪರದೆಗೆ ಬೆನ್ನು ಮಾಡಿ ನಿಲ್ಲಬೇಕು. ಆಮೇಲೆ ಒಳಗಿನಿಂದ ಗಂಡಸಿನ ಗತ್ತಿನ ಕೆಮ್ಮು. ಆಮೇಲೆ ಡೋಲು. ಒಂದು ಸಲ ಪಿಂಗಳಿಗೆ ಜ್ವರ ಬಂದು, ಬೇರೊಬ್ಬಳು ಅವಳ ಜಾಗದಲ್ಲಿ ನಿಂತಳು. ಕೆಮ್ಮು ಬರಲೇ ಇಲ್ಲ. ಜನ ಸೀಟಿ ಹೊಡೆದರು, ಬೈದರು. ಕೊನೆಗೆ ಪಿಂಗಳನ್ನು ಕಂಬಳಿ ಸಮೇತ ಎತ್ತಿ ತಂದು ನಿಲ್ಲಿಸಬೇಕಾಯಿತು.

*

ಹನ್ನೆರಡಕ್ಕೆ ಹತ್ತು ನಿಮಿಷವಿತ್ತು.

"ಡೋಲು ಬೇಡ, ಎತ್ರಪ್ಪಾ," ಎಂದ ಜೆನ್ಮಿನ್.

ಎಂಟು ಮಂದಿ ಎತ್ತಿದರು. ಬೊಂಬು ಬಾಗಿತು. ಪೆಟ್ಟಿಗೆ ಮಿಸುಕಲಿಲ್ಲ.

"ಒಣಗಿದ ಮುದುಕಿ ಅಂದ್ರಿ. ಒಳಗೇನು ಬೀಸೋ ಕಲ್ಲು ಇಟ್ಟಿದೀರಾ?" ಎಂದ ಹೊರುವವನೊಬ್ಬ, ಹೆಗಲು ಉಜ್ಜಿಕೊಳ್ಳುತ್ತಾ.

"ಹೆಂಡ್ತಿ ಜಾಗದಲ್ಲಿ ಹೆಂಡ್ತಿ ಇಲ್ಲ," ಎಂದ ಚಿಯು. "ಅವನು ಹೇಗೆ ಕೆಮ್ತಾನೆ?"

ಈ ಬಾರಿ ಯಾರೂ ನಗಲಿಲ್ಲ. ಗಾಳಿಯಿರಲಿಲ್ಲ, ಆದರೂ ಊದುಬತ್ತಿಯ ಹೊಗೆ ಪರದೆಯ ಕಡೆಗೇ ಬಾಗಿ ಹೋಗುತ್ತಿತ್ತು. ಜೆನ್ಮಿನ್ ತನ್ನ ತಾಯಿಯ ಕಡೆ ನೋಡಿದ. ಅವಳು ಕುರ್ಚಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದಳು.

"ನನ್ ಮುಸುಕು ಅವಳಿಗೆ ಹಾಕು," ಎಂದಳು ತಾಯಿ. "ನಿಮ್ಮತ್ತೆಗೆ ಐವತ್ತು ವರ್ಷ ಬೇಯಿಸಿ ಹಾಕಿದಾಳೆ. ನಗೋರು ನಗ್ಲಿ."

"ಬನ್ನಿ ಚಿಕ್ಕಮ್ಮ," ಎಂದ ಜೆನ್ಮಿನ್.

ಪಿಂಗ್ ಸೆಣಬಿನ ಮುಸುಕು ಹೊದ್ದಳು. ನಿಧಾನವಾಗಿ ಬಂದು, ಪರದೆಗೆ ಬೆನ್ನು ಮಾಡಿ ನಿಂತಳು.

ಒಳಗಿನಿಂದ ಯಾರೋ ಕೆಮ್ಮಿದರು.

ಒಂದೇ ಸಲ. ಗಂಟಲು ಸರಿಮಾಡಿಕೊಳ್ಳುವ, ಗಂಡಸಿನ ಗತ್ತಿನ ಕೆಮ್ಮು. ಕಾಗದ ಮಡಚುವ ಕೈಗಳು ನಿಂತವು. ಜೆನ್ಮಿನ್ ಪರದೆ ಸರಿಸಿದ. ಮೊಳೆ ಹೊಡೆದ ಪೆಟ್ಟಿಗೆ, ಅದರ ತಲೆಯ ಬಳಿ ಎಣ್ಣೆ ದೀಪ. ಬೇರೇನೂ ಇರಲಿಲ್ಲ.

ಚಿಯುವಿನ ಡೋಲು ಆಗಲೇ ಶುರುವಾಗಿತ್ತು.

ಪಿಂಗ್ ತಿರುಗಿ ನೋಡಲಿಲ್ಲ. "ಬೂಟು ಹಾಕ್ಕೊಳ್ಳೋಕೆ ಯಾವಾಗ್ಲೂ ತಡ ಇವರದ್ದು," ಎಂದು ಗೊಣಗಿದಳು.

ಪೆಟ್ಟಿಗೆ ಹತ್ತಿಯ ಮೂಟೆಯಂತೆ ಹಗುರಾಗಿ ಎದ್ದಿತು. ಸೂಚಿನಳ ಫೋಟೋ ಹಿಡಿದು ಜೆನ್ಮಿನ್ ಮುಂದೆ ನಡೆದ, ಪೆಟ್ಟಿಗೆಯ ಹಿಂದೆ ಎಲ್ಲರಿಗಿಂತ ಮೊದಲು ಪಿಂಗ್. ಹೊಳೆಯ ಸೇತುವೆಯ ಮೇಲೆ, ಹಿಂದಿನ ಹೆಜ್ಜೆಗಳೆಲ್ಲ ಒಂದೇ ಸದ್ದಾಗಿರುವುದನ್ನು ಕೇಳಿ ತಿರುಗಿದ. ಎಂಟೂ ಮಂದಿ ಪಾದವನ್ನು ಹೊರಕ್ಕೆ ತಿರುಗಿಸಿ, ಮೆಲ್ಲಗೆ ಎತ್ತಿ, ಅಟ್ಟೆ ತೋರಿಸಿ, ತಡೆದು ಊರುತ್ತಿದ್ದರು, ರಂಗದ ಮೇಲೆ ನಾಯಕ ಪ್ರವೇಶಿಸುವ ಹಾಗೆ. ಜೆನ್ಮಿನ್ ಮುಖ ತಿರುಗಿಸಿ ಬೇಗ ಬೇಗ ನಡೆಯಲು ನೋಡಿದ. ಅವನ ಬಲಗಾಲು ಎದ್ದಿತು. ಡೋಲಿನ ಮುಂದಿನ ಪೆಟ್ಟು ಬೀಳುವವರೆಗೆ ಗಾಳಿಯಲ್ಲೇ ನಿಂತಿತು.